ಇಲಿಗೂ ಒಂದು ಎಡೆ

ಭೂಮಿ ಹುಣ್ಣಿಮೆಯ ದಿನ ಗದ್ದೆಯಲ್ಲಿ ಇಡುವ ಎಡೆಗಳಲ್ಲಿ ಒಂದು ಇಲಿಗೆ. ಇನ್ನೊಂದು ಕಾಗೆಗೆ. ಭೂಮ್ತಾಯಿಗೆ ಇಡುವುದು ಯಾರಿಗಾದರೂ ಅರ್ಥವಾಗುತ್ತದೆ. ಹಿರಿಯರನ್ನು ನೆನೆದು ಕಾಗೆಗೆ ಇಡುವುದೂ ಗೊತ್ತಿರುವ ಸಂಗತಿಯೇ. ಆದರೆ ಇಲಿಗೆ ಯಾಕೆ? ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಇಲಿಯ ಕಾಟ ಜಾಸ್ತಿಯಾಗುವುದೂ ಆಗಲೇ. ಬೆಳಗಾಗುವುದರೊಳಗೆ ಗದ್ದೆಯ ನಡುವೆ ಒಂದಷ್ಟು ಜಾಗದ ಭತ್ತವನ್ನು ಬುಡಕ್ಕೇ ಕಡಿದು ಮಲಗಿಸಿರುತ್ತದೆ. ಅಂಥ ಇಲಿಗೆ ಬಾಳೆಲೆ ಹಾಕಿ, ಮನೆಯವರೆಲ್ಲ ಉಣ್ಣುವ ಮೊದಲೇ ಕಡುಬು, ಪಲ್ಯ ಬಡಿಸುತ್ತೇವೆ. ನನ್ನ ಮಟ್ಟಿಗೆ ಈ ಹಬ್ಬದ ತಿರುಳು ಇರುವುದು ಆ ಎಡೆಯಲ್ಲೇ.

ಹಬ್ಬ ನೋಡದವರಿಗೆ ಸ್ವಲ್ಪ ಹೇಳಬೇಕು. ಆಶ್ವೀಜ ಮಾಸದ ಹುಣ್ಣಿಮೆಯನ್ನು ಎಷ್ಟೋ ಕಡೆ ಶೀಗಿ ಹುಣ್ಣಿಮೆ ಅನ್ನುತ್ತಾರೆ. ನಮ್ಮ ಸಾಗರ, ಸೊರಬ, ಹೊಸನಗರದ ಕಡೆ ಅದು ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆ ಅಂದರೆ ಬಸುರಿ ಭೂಮಿ. ಮನೆಯ ಬಸುರಿ ಮಗಳಿಗೆ ಬಯಕೆ ಊಟ ಹಾಕುವ ಹಾಗೆಯೇ ಭೂಮಿಗೂ ಬಯಕೆ ಹಾಕುತ್ತಾರೆ. ಬೇರೆ ಬೇರೆ ಜಾತಿಯವರು ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಾರೆ. ನಮ್ಮದು ದೀವರ ಮನೆ. ನಮ್ಮಲ್ಲಿ ಹಬ್ಬದ ಕೆಲಸ ವಿಜಯದಶಮಿಗೇ ಶುರು. ಅಟ್ಟದಲ್ಲಿದ್ದ ಭೂಮಣ್ಣಿ ಬುಟ್ಟಿಯನ್ನು ಕೆಳಗಿಳಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಆಮೇಲೆ ಚಿತ್ತಾರ. ನೆನೆಸಿ ಅರೆದ ಅಕ್ಕಿಯೇ ಬಿಳಿ ಬಣ್ಣ, ಪುಂಡಿ ನಾರೇ ಕುಂಚ. ಅಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಒಂದೊಂದೇ ಎಳೆ ಎಳೆಯುತ್ತಾಳೆ. ಎಳೆ ಮುಗಿಯುವ ತನಕ ಮಾತಾಡಿಸಿದರೂ ಓಗೊಡುವುದಿಲ್ಲ. ದೊಡ್ಡ ಬುಟ್ಟಿ ಹಬ್ಬದ ಅಡಿಗೆ ಹೊರುವುದಕ್ಕೆ, ಚಿಕ್ಕದು ಹಚ್ಚಂಬಲಿಗೆ.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಇಲ್ಲ. ಮಿಂದು, ಮಡಿಯಲ್ಲಿ, ಉಪವಾಸ ಇದ್ದು ಅಡಿಗೆ ಮಾಡುತ್ತಾರೆ. ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಹಿತ್ತಲಿನ ತರಕಾರಿಯ ಪಲ್ಯಗಳು. ಅದರ ಜೊತೆಗೆ ಬೇಲಿ, ಗುಡ್ಡ, ತೋಡಿನ ಬದಿಯಿಂದ ಆರಿಸಿ ತಂದ ಹತ್ತಾರು ಬಗೆಯ ಸೊಪ್ಪು. ಲೆಕ್ಕಕ್ಕೆ ನೂರೊಂದು ಕುಡಿ ಅನ್ನುತ್ತಾರೆ. ಅದನ್ನು ಅಮಟೆಕಾಯಿ, ಅನ್ನದ ಜೊತೆ ಕಲಸಿದರೆ ಹಚ್ಚಂಬಲಿ. ಕೋಳಿ ಕೂಗುವ ಮೊದಲೇ ಗಂಡಸರು ದೀಪ ಹಿಡಿದು ಚಿಕ್ಕ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಅದನ್ನು ಬೀರುತ್ತ, ಕೂಗುತ್ತ ಅಂಚಿನಿಂದ ಅಂಚಿಗೆ ನಡೆಯುತ್ತಾರೆ: "ಹಚ್ಚಂಬ್ಲಿ, ಹಾಲಂಬ್ಲಿ, ಬೇಲಿ ಮ್ಯಾಲಿನ ದಾರೆ ಹೀರೇಕಾಯಿ, ಭೂಮ್ತಾಯಿ ಉಂಡ್ಹೋಗು." ಸಾಲು ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ. ಕರೆ ಮಾತ್ರ ಒಂದೇ. ಬಾ ತಾಯಿ, ಉಂಡು ಹೋಗು.

ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗುತ್ತೇವೆ. ಒಂದು ಭತ್ತದ ಬುಡ ಆರಿಸಿ, ಹೂ ಮುಡಿಸಿ, ಅಮ್ಮ ತನ್ನ ಕೊರಳಿನ ಕರಿಮಣಿ ತೆಗೆದು ಅದಕ್ಕೆ ಹಾಕುತ್ತಾಳೆ. ಪೂಜೆ ಮುಗಿಯುವ ತನಕ ಅವಳ ಕೊರಳು ಬರಿದು. ಬೇರೆ ಯಾವ ಹೊತ್ತಿನಲ್ಲೂ ಅದನ್ನು ಅವಳು ತೆಗೆದದ್ದು ನಾನು ನೋಡಿಲ್ಲ.

ಆಮೇಲೆ ಎಡೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಇಲಿಗೆ ಎಡೆ ಇಡುವ ನಾವೇ ಇಲಿಗೆ ಬೋನನ್ನೂ ಇಡುತ್ತೇವೆ. ಹಬ್ಬದ ಮಾರನೆಯ ದಿನ ಅಪ್ಪ ಬಿಲ ಹುಡುಕಿಕೊಂಡು ಅಂಚಿನ ಮೇಲೆ ಓಡಾಡುತ್ತಾನೆ. ಇದರಲ್ಲಿ ಕಪಟ ಇದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಬೆಳೆ ಕಾಯುವುದು ನಮ್ಮ ಕೆಲಸ. ಆದರೆ ಕಾಯುವ ಭರದಲ್ಲಿ, ಎದುರಿಗಿರುವ ಜೀವಕ್ಕೂ ಹೊಟ್ಟೆ ಇದೆ, ಈ ಗದ್ದೆಯ ಮೇಲೆ ಅದಕ್ಕೂ ಒಂದು ಪಾಲಿದೆ ಅನ್ನುವುದು ಮರೆಯಬಾರದು. ವರ್ಷಕ್ಕೊಮ್ಮೆ ಅದನ್ನು ಬಾಯಿಮಾತಲ್ಲಿ ಅಲ್ಲ, ಎಲೆ ಹಾಕಿ ಬಡಿಸಿ ಒಪ್ಪಿಕೊಳ್ಳಬೇಕು. ಕ್ಷಮೆ ಅಂದರೆ ನಮ್ಮ ಹಕ್ಕು ಬಿಟ್ಟುಕೊಟ್ಟು ಸುಮ್ನೆ ಕೂರುವುದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಾಗಿಯೇ ಕ್ಷಮಿಸುವುದಕ್ಕೆ ಹೆದರುತ್ತಾರೆ. ಹಕ್ಕು ಬಿಡದೆಯೂ ಕ್ಷಮಿಸಬಹುದು ಅನ್ನುವುದನ್ನು ನಾನು ಕಲಿತದ್ದು ಯಾವ ಪ್ರವಚನದಿಂದಲೂ ಅಲ್ಲ, ಭೂಮಿ ಹುಣ್ಣಿಮೆಯಿಂದ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಪಾಲಾದ ಮೇಲೆ ಮೇಲಿನ ಗದ್ದೆ ಅಪ್ಪನಿಗೆ ಬಂತು, ಕೆಳಗಿನದು ಚಿಕ್ಕಪ್ಪನಿಗೆ. ನಡುವೆ ಒಂದು ಅಂಚು. ಮಳೆಗಾಲದ ಮೊದಲು ಅಂಚು ಕಡಿದು ಸರಿಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಒಂದೇ ಕಡೆಯಿಂದ ವರ್ಷವೂ ಕಡಿಯುತ್ತ ಹೋದರೆ ಅಂಚು ಮೆಲ್ಲಗೆ ಆಚೆಗೆ ಸರಿಯುತ್ತದೆ ಅನ್ನುವುದೂ ಗೊತ್ತು. ಅಂಚು ಸರಿದಿದೆ ಅಂತ ಅಪ್ಪ, ಇಲ್ಲ ಅಂತ ಚಿಕ್ಕಪ್ಪ. ಒಂದು ಮದುವೆ ಮನೆಯಲ್ಲಿ ನಾಲ್ಕು ಜನರ ಎದುರು ಮಾತಿಗೆ ಮಾತು ಬೆಳೆಯಿತು. ಅಲ್ಲಿಂದ ಮುಂದೆ ಅಣ್ಣ ತಮ್ಮ ಮಾತು ಬಿಟ್ಟರು. ಅಕ್ಕಪಕ್ಕದ ಗದ್ದೆಯಲ್ಲಿ ಎರಡು ಮನೆಯವರೂ ಪೂಜೆ ಮಾಡುತ್ತಿದ್ದರು. ಇವರ ಜಾಗಟೆ ಅವರಿಗೆ ಕೇಳುತ್ತಿತ್ತು, ಅವರದ್ದು ಇವರಿಗೆ. ಯಾರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ.

ಹೀಗೇ ಕೆಲವು ಹಬ್ಬ ಕಳೆದವು. ಒಂದು ವರ್ಷ ಅಜ್ಜಿ, ಅಪ್ಪ ಇಲಿಯ ಎಡೆ ಇಟ್ಟು ಎದ್ದ ಕೂಡಲೇ ಇನ್ನೊಂದು ಎಲೆಗೆ ತಾನೇ ಬಡಿಸಿದಳು. ಅದನ್ನು ಅವನ ಕೈಗೆ ಕೊಟ್ಟಳು. "ಇಲಿಗೆ ಇಟ್ಟಿಯಲ್ಲಾ, ತಮ್ಮಂಗೆ ಇಡಕ್ಕಾಗದಿಲ್ವೇನಾ?" ಅಂದಳು. ಅಷ್ಟೇ. ಬೇರೆ ಮಾತಿಲ್ಲ. ಅಪ್ಪ ಎಲೆ ಹಿಡಿದು ತುಂಬ ಹೊತ್ತು ನಿಂತ. ಆಮೇಲೆ ಅಂಚು ದಾಟಿ ಹೋದ. ಚಿಕ್ಕಪ್ಪ ಎದ್ದು ನಿಂತ. ಅಪ್ಪ, "ಅಮ್ಮ ಕೊಟ್ಟಿದ್ದು" ಅಂದ. ಚಿಕ್ಕಪ್ಪ ಎರಡೂ ಕೈಯಲ್ಲಿ ಎಲೆ ತಗೊಂಡು ಚಿಕ್ಕಮ್ಮನ ಕಡೆ ತಿರುಗಿ, "ಅಣ್ಣಂಗೆ ಚೀನಿಕಾಯಿ ಕಡುಬು ಹಾಕಿ ಕೊಡೇ" ಅಂದ.

ಅವತ್ತು ಯಾರೂ ಯಾರ ಕಾಲಿಗೂ ಬೀಳಲಿಲ್ಲ. ತಪ್ಪು ಯಾರದ್ದು ಅನ್ನುವ ಮಾತೇ ಏಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಇಬ್ಬರೂ ಸೇರಿ ಸರ್ವೆಯವರನ್ನು ಕರೆಸಿ, ಅಳತೆ ಮಾಡಿಸಿ ಕಲ್ಲು ಹಾಕಿಸಿದರು. ಅಂಚು ಎಲ್ಲಿರಬೇಕೋ ಅಲ್ಲಿಗೆ ಬಂತು. ಎಡೆ ದಾಟಿದ ಮೇಲೆ ಕಲ್ಲು ಹಾಕಿಸುವುದು ಕಷ್ಟವಾಗಲಿಲ್ಲ. ಮೊದಲು ಕಲ್ಲು ಹಾಕಿಸಿದ್ದರೆ ಎಡೆ ದಾಟುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಇದು ಒಂದು ಮನೆಯ ಮಾತಾಯಿತು. ನಮ್ಮ ಸೀಮೆಯ ಗದ್ದೆಗಳಲ್ಲಿ ಇದಕ್ಕಿಂತ ದೊಡ್ಡ ಜಗಳಗಳು ನಡೆದಿವೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ. ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾಗಿರಬೇಕು ಅಂತ ಕೇಳಿದ್ದೇ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರಂಥವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆಮೇಲೆ 1974ರ ಭೂಸುಧಾರಣೆ ಬಂತು, ಉಳುವವರ ಹೆಸರಿಗೆ ಗದ್ದೆ ಬಂತು. ಅಜ್ಜನ ಕಾಲದವರು ಸುಮ್ಮನಿದ್ದು ಕ್ಷಮಿಸಿದ್ದರೆ ಇವತ್ತು ನಮಗೆ ಪೂಜೆ ಮಾಡಲು ಸ್ವಂತ ಗದ್ದೆ ಇರುತ್ತಿರಲಿಲ್ಲ. ಅವರು ಹೋರಾಡಿದರು, ಜೈಲಿಗೂ ಹೋದರು. ಅದನ್ನು ನಾನು ದೇವರ ಕೆಲಸ ಅಂತಲೇ ನಂಬಿದ್ದೇನೆ. ಹಾಗಂತ ಹಗೆಯನ್ನು ಮೊಮ್ಮಕ್ಕಳಿಗೆ ಆಸ್ತಿಯ ಹಾಗೆ ಬರೆದುಕೊಡಲಿಲ್ಲ. ನಮ್ಮೂರಿನಲ್ಲಿ ಹಿಂದೆ ಒಡೆಯರಾಗಿದ್ದವರ ಮನೆಗೂ ಹಬ್ಬದ ಕಡುಬು ಹೋಗುತ್ತದೆ. ಅವರ ಮನೆಯಿಂದ ದೀಪಾವಳಿಗೆ ಹೋಳಿಗೆ ಬರುತ್ತದೆ. ಮೊದಲಿನ ಹಾಗೆ ಅಂಗಳದಲ್ಲಿ ನಿಂತು ಕೊಡುವುದಲ್ಲ, ಒಳಗೆ ಕೂತು ಕಾಫಿ ಕುಡಿದು ಬರುವುದು. ನ್ಯಾಯ ಸಿಗದೆ ಈ ಕೊಡುಕೊಳ್ಳುವಿಕೆ ಬಂದಿದ್ದರೆ ಅದಕ್ಕೆ ಬೆಲೆ ಇರುತ್ತಿರಲಿಲ್ಲ, ಅಲ್ವಾ?

ನ್ಯಾಯ ಇನ್ನೂ ಪೂರ್ತಿ ಸಿಗದವರೂ ಇದ್ದಾರೆ. ನನ್ನ ಅತ್ತೆಯನ್ನು ಕೊಟ್ಟ ಮನೆ ಶರಾವತಿ ಕಣಿವೆಯದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಮನೆ, ದೇವರ ಬನ ಎಲ್ಲ ನೀರಿನಡಿ ಹೋಯಿತು. ಕಣಿವೆಯ ಜನರನ್ನು ತಂದು ಕಾಡಿನ ನಡುವೆ ಕೂರಿಸಿದರು. ನಾಡಿಗೆ ಬೆಳಕು ಬಂತು. ಮುಳುಗಡೆಯಾದ ಎಷ್ಟೋ ಮನೆಗಳವರು ಕೂತ ಜಾಗಕ್ಕೆ ಹಕ್ಕುಪತ್ರ ಕೊಡಿ ಅಂತ ಇವತ್ತಿಗೂ ಕೇಳುತ್ತಿದ್ದಾರೆ. ಇದನ್ನು ತ್ಯಾಗ ಅಂತ ಹೊಗಳಿ ಮುಗಿಸುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಹೊಗಳಿದವರು ಆ ಋಣವನ್ನೂ ತೀರಿಸಬೇಕು.

ಆದರೆ ಅತ್ತೆಯ ಅತ್ತೆಯನ್ನು ನಾನು ನೋಡಿದ್ದೇನೆ. ಆಕೆ ಭೂಮಿ ಹುಣ್ಣಿಮೆಯ ದಿನ ಹೊಸ ಗದ್ದೆಯ ಪೂಜೆ ಮುಗಿಸಿ, ಒಂದು ಎಡೆ ಕಟ್ಟಿಕೊಂಡು ಹಿನ್ನೀರಿನ ದಡಕ್ಕೆ ಹೋಗುತ್ತಿದ್ದರು. ಆ ಕಾಲಕ್ಕೆ ಹಿನ್ನೀರು ತುಂಬಿರುತ್ತದೆ. ಹಳೆಯ ಗದ್ದೆ ಎಲ್ಲಿ ಅಂತ ಗುರುತು ಸಿಗುವುದಿಲ್ಲ. ಅಂದಾಜಿನ ಮೇಲೆ ಆ ದಿಕ್ಕಿಗೆ ಮುಖಮಾಡಿ, ಎಲೆಯನ್ನು ನೀರಿನ ಅಂಚಿನಲ್ಲಿ ಇಟ್ಟು ಕೈಮುಗಿಯುತ್ತಿದ್ದರು. ಅಲ್ಲಿ ಬೆಳೆ ಇಲ್ಲವಲ್ಲ, ಯಾರಿಗೆ ಇಡ್ತೀರಿ ಅಂತ ಒಮ್ಮೆ ಕೇಳಿದ್ದೆ. "ಅವ್ಳು ನಮ್ಮನ್ನ ಬಿಟ್ಟು ಹೋಗಿಲ್ಲ ಕಣೆ, ನೀರಡಿ ಅದಾಳೆ. ಇಷ್ಟು ವರ್ಷ ಉಣ್ಸಿದ್ದಾಳೆ" ಅಂದರು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಹಕ್ಕುಪತ್ರದ ಅರ್ಜಿಗೆ ಹೆಬ್ಬೆಟ್ಟು ಒತ್ತುವುದನ್ನೂ ಆಕೆ ನಿಲ್ಲಿಸಿರಲಿಲ್ಲ.

ಬದುಕಿಗೆ ಅರ್ಥ ಏನು ಅಂತ ಓದಿದವರು ಕೇಳುತ್ತಾರೆ. ನನಗೆ ಅಷ್ಟು ದೊಡ್ಡ ಪ್ರಶ್ನೆಗೆ ಬಾಯಿ ಬರುವುದಿಲ್ಲ. ಆ ಮುದುಕಿಯ ಬದುಕಿಗೆ ಅರ್ಥ ಇತ್ತೇ ಅಂತ ಕೇಳಿದರೆ ಮಾತ್ರ ಹೌದು ಅಂತ ಎದೆಮುಟ್ಟಿ ಹೇಳಬಲ್ಲೆ. ಆಕೆ ಅನ್ನ ಕೊಟ್ಟವಳನ್ನು ಮರೆಯಲಿಲ್ಲ. ಕಳೆದುಕೊಂಡದ್ದು ಆಕೆಯ ಕೈ ಹಿಡಿತವನ್ನು ಬಿಗಿ ಮಾಡಲಿಲ್ಲ. ಮನೆಗೆ ಯಾರು ಬಂದರೂ ಉಂಡೇ ಹೋಗಬೇಕಿತ್ತು.

ಇನ್ನು ನಾವು ಕೇಳಬೇಕಾದ ಕ್ಷಮೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು "ಪಾದಸ್ಪರ್ಶಂ ಕ್ಷಮಸ್ವ ಮೇ" ಅನ್ನುವ ಶ್ಲೋಕ ಹೇಳುವವರು ಇವತ್ತಿಗೂ ಇದ್ದಾರೆ. ಕಾಲು ತಾಗಿಸಿದ್ದಕ್ಕೇ ಕ್ಷಮೆ ಕೇಳಬೇಕಾದರೆ, ನೇಗಿಲು ಹಾಕಿದ್ದಕ್ಕೆ, ಟಿಲ್ಲರ್ ಹೊಡೆದಿದ್ದಕ್ಕೆ, ಕಳೆನಾಶಕ ಸುರಿದಿದ್ದಕ್ಕೆ ಎಷ್ಟು ಕೇಳಬೇಕು? ಹಚ್ಚಂಬಲಿಗೆ ಆರಿಸುವ ಆ ಸೊಪ್ಪುಗಳನ್ನು ಬೇರೆ ದಿನ ನಾವು ಕಳೆ ಅನ್ನುತ್ತೇವೆ. ಅಂಚಿಗೆ ಔಷಧಿ ಹೊಡೆದ ಕಡೆ ಅವು ಸಿಗುವುದಿಲ್ಲ. ಸೊಪ್ಪು ಹುಡುಕಿಕೊಂಡು ಅಮ್ಮ ಈಗ ದೂರ ಹೋಗಬೇಕಾಗಿದೆ. ಅದಕ್ಕೇ ನಮ್ಮ ಅಂಚಿಗೆ ಔಷಧಿ ಬೇಡ ಅಂತ ಹಟ ಹಿಡಿದಿದ್ದಾಳೆ. ಕತ್ತಿಯಲ್ಲಿ ಸವರುವ ಕೂಲಿ ಜಾಸ್ತಿಯಾಗುತ್ತದೆ. ಆಗಲಿ ಅನ್ನುತ್ತಾಳೆ. ಭೂಮ್ತಾಯಿಗೆ ಬಯಕೆ ಹಾಕುತ್ತೇವೆ ಅಂತ ಹೇಳಿ, ಅವಳ ಮೈಮೇಲೆ ವಿಷ ಸುರಿದರೆ ಆ ಊಟ ಅವಳಿಗೆ ಹೇಗೆ ಸೇರೀತು?

ಗದ್ದೆಗಳೂ ಕಮ್ಮಿಯಾಗುತ್ತಿವೆ. ಎಲ್ಲ ಕಡೆ ಅಡಿಕೆ ಸಸಿ. ಚಿಕ್ಕಪ್ಪನೂ ಗದ್ದೆಯಲ್ಲಿ ಅರ್ಧಕ್ಕೆ ಅಡಿಕೆ ಹಾಕಿದ್ದಾನೆ. ಹಾಗಾಗಿ ಈಗ ಪೂಜೆ ಒಂದೇ ಕಡೆ, ನಮ್ಮ ಗದ್ದೆಯಲ್ಲಿ. ಎರಡೂ ಮನೆಯವರು ಒಟ್ಟಿಗೆ ಕೂತು ಉಣ್ಣುತ್ತೇವೆ. ಈ ಸಲ ಬೆಂಗಳೂರಿನಿಂದ ಚಿಕ್ಕಪ್ಪನ ಮೊಮ್ಮಗ ಬರುತ್ತಾನಂತೆ. ಬೆಳಗಿನ ಜಾವ ಅಜ್ಜಂದಿರ ಜೊತೆ ತಾನೂ ಹಚ್ಚಂಬಲಿ ಬೀರಬೇಕು ಅಂತ ಹೇಳಿದ್ದಾನೆ. ಕೂಗು ಅವನಿಗೆ ಇನ್ನೂ ಬಾಯಿಪಾಠ ಆಗಿಲ್ಲ. ಅಮ್ಮ ದಿನಾ ಸಂಜೆ ಫೋನಿನಲ್ಲಿ ಹೇಳಿಕೊಡುತ್ತಿದ್ದಾಳೆ. ಅವನು "ಹೀರೇಕಾಯಿ" ಅನ್ನುವ ತನಕ ಬಂದು ನಿಲ್ಲುತ್ತಾನೆ, ಇವಳು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾಳೆ.