ಹಾಜರಿದ್ದೂ ಗೈರು

ಹಳೆಯ ವಿದ್ಯಾರ್ಥಿಗಳು ಬರೆಯಲು ಕೂತರೆ ಕೀಟಲೆ, ಅಡ್ಡಹೆಸರು, ಪರೀಕ್ಷೆಯ ಹಿಂದಿನ ರಾತ್ರಿ, ಇಷ್ಟೇ. ನಾನು ಹಾಜರಿ ಪುಸ್ತಕದ ಬಗ್ಗೆ ಬರೆಯುತ್ತೇನೆ.

ನನಗೆ ತೊದಲು. ಹೆಸರು ಕರೆದಾಗ 'ಎಸ್ ಸಾರ್' ಅನ್ನುವುದು ಬೇರೆಯವರಿಗೆ ಏನೂ ಅಲ್ಲ. ನನಗೆ 'ಎ' ಹತ್ತಿರವೇ ಗಂಟಲು ಕಟ್ಟುತ್ತಿತ್ತು. ಅಷ್ಟರಲ್ಲಿ ಮುಂದಿನ ಎರಡು ಹೆಸರು ಆಗಿಹೋಗಿರುತ್ತಿತ್ತು. ಕಣ್ಣೆದುರೇ ಕೂತಿದ್ದರೂ ಪುಸ್ತಕದಲ್ಲಿ ಗೈರು. ಮೊದಮೊದಲು ಮೇಷ್ಟ್ರ ಹಿಂದೆ ಓಡುತ್ತಿದ್ದೆ. 'ಕರೆದಾಗ ಹೇಳೋಕೆ ಏನಾಗಿತ್ತು?' ಅನ್ನುತ್ತಿದ್ದರು. ಅದಕ್ಕೆ ಉತ್ತರ ಹೇಳಲೂ ಬಾಯಿ ಬರಬೇಕಲ್ಲ! ಆಮೇಲೆ ಓಡುವುದನ್ನು ಬಿಟ್ಟೆ. ಇನ್ನೂ ಸ್ವಲ್ಪ ದಿನಕ್ಕೆ ಬಾಯಿ ತೆರೆಯುವುದನ್ನೂ ಬಿಟ್ಟೆ.

ಹಾಜರಿಗೇ ನಿಲ್ಲಲಿಲ್ಲ ಅದು. ಉತ್ತರ ಪತ್ರಿಕೆಯಲ್ಲಿ ಅಂಕ ಕೂಡಿಸಿದ್ದು ತಪ್ಪಾಗಿದ್ದರೂ ಕೇಳಲಿಲ್ಲ. ನನ್ನ ಜಾಗದಲ್ಲಿ ಯಾರಾದರೂ ಕೂತಿದ್ದರೆ ಸುಮ್ನೆ ಬೇರೆ ಕಡೆ ಹೋಗುತ್ತಿದ್ದೆ. 'ಪಾಪ, ತುಂಬಾ ಸಾಧು' ಅಂದರು ಎಲ್ಲರೂ. ಸಾಧುವೂ ಅಲ್ಲ, ಏನೂ ಅಲ್ಲ. ಕೇಳಿ ಪ್ರಯೋಜನವಿಲ್ಲ ಅನ್ನುವುದು ಮೈಗೇ ಒಗ್ಗಿಹೋಗಿತ್ತು.

ಮುಂದೆ ಮನಶ್ಶಾಸ್ತ್ರ ಓದುವಾಗ ಇದು ಮತ್ತೆ ಎದುರಾಯಿತು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರು. ಓದುವಾಗಲೇ ಸಂಕಟವಾಗುತ್ತದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಸಣ್ಣ ಅಡ್ಡಗೋಡೆ ಹಾರಿದರೆ ಸಾಕಿದ್ದಾಗಲೂ ಹಾರಲಿಲ್ಲ. ಅವು ಅಸಹಾಯಕತೆಯನ್ನು ಕಲಿತಿವೆ ಅಂತ ಆಗ ಅವರು ಅಂದರು. ಮಿದುಳಿನ ಅಧ್ಯಯನಗಳನ್ನು ನೋಡಿ 2016ರಲ್ಲಿ ಅವರೇ ಅದನ್ನು ತಿದ್ದಿಕೊಂಡರು. ಹಿಂಸೆ ಮುಗಿಯದೇ ನಡೆದಾಗ ಕೈಚೆಲ್ಲುವುದನ್ನು ಯಾರೂ ಕಲಿಯಬೇಕಿಲ್ಲ, ಅದು ತಾನಾಗಿ ಬರುತ್ತದೆ. ಕಲಿಯಬೇಕಾದದ್ದು 'ನನ್ನ ಕೈಲೂ ಏನೋ ಇದೆ' ಅನ್ನುವುದನ್ನು.

ನನಗೆ ಅದನ್ನು ಕಲಿಸಿದ್ದು ಪಕ್ಕದ ಬೆಂಚಿನ ಹುಡುಗಿ. ಒಂದು ದಿನ ಎದ್ದು, 'ಸಾರ್, ಇವನು ಇಲ್ಲೇ ಇದ್ದಾನೆ' ಅಂದಳು. ತರಗತಿ ನಕ್ಕಿತು. ಗೈರು ಹೊಡೆದುಹಾಕುವ ತನಕ ಅವಳು ಕೂರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂತು. ಇದ್ದ ಅರ್ಧ ಮರ್ಯಾದೆಯೂ ಹೋಯಿತು ಅನ್ನಿಸಿತು. ಅವಳಿಗೆ ಗೊತ್ತಾಯಿತೇನೋ, ಹೊರಗೆ ಬಂದಾಗ ಕೇಳಿದಳು: 'ನಾಳೆ ನಾನು ಹೇಳ್ಲಾ, ನೀನೇ ಏನಾದ್ರೂ ಮಾಡ್ತೀಯಾ?'

ಎಷ್ಟೋ ತಿಂಗಳ ಮೇಲೆ ಯಾರೋ ನನ್ನನ್ನು ಹೀಗೆ ಕೇಳಿದ್ದು. ಕನಿಕರ ತೋರಿಸಿದವರು ಬೇಕಾದಷ್ಟು ಜನ ಇದ್ದರು. ಏನು ಬೇಕು ಅಂತ ಕೇಳಿದವರು ಇರಲಿಲ್ಲ, ಅಲ್ವಾ?

ಕೈ ಎತ್ತುತ್ತೀನಿ ಅಂದೆ. ಚೀಟಿಯಲ್ಲಿ ಬರೆದು ಮೇಷ್ಟ್ರಿಗೆ ನಾನೇ ಕೊಟ್ಟೆ. ಅವಳು ಒಂದು ಮಾತೂ ಆಡದೆ ಪಕ್ಕದಲ್ಲಿ ನಿಂತಿದ್ದಳು. ಬಾಯಿಬಡುಕಿಗೆ ಅದು ಎಷ್ಟು ಕಷ್ಟವಾಗಿರಬೇಕು! ಮೇಷ್ಟ್ರು ಹುಬ್ಬು ಗಂಟಿಕ್ಕಿಕೊಂಡೇ ಒಪ್ಪಿದರು. ಮರುವಾರ ಹಿಂದಿನ ಬೆಂಚಿನ ಇನ್ನಿಬ್ಬರೂ ಕೈ ಎತ್ತಿದರು. ಅವರಿಗೆ ತೊದಲಿರಲಿಲ್ಲ. ಮೇಷ್ಟ್ರು ಕಾರಣ ಕೇಳದೆ ಅವರಿಗೂ ಹಾಜರಿ ಹಾಕಿದರು.