ಅಂಗಳ ದಾಟಿದ ವೈಫೈ

19 ನವೆಂಬರ್ 2023, ಭಾನುವಾರ

ನಮ್ಮ ಮನೆಯ ಗೋಡೆಗಳು ಮುರಕಲ್ಲಿನವು, ಅಂದರೆ ಕೆಂಪು ಕಲ್ಲಿನವು. ಅಜ್ಜನ ಕಾಲದಲ್ಲಿ ಕಟ್ಟಿದ್ದು. ಪುತ್ತೂರಿನ ಬೇಸಗೆಯಲ್ಲೂ ಒಳಗೆ ತಂಪು. ಆದರೆ ವೈಫೈಗೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಫೈಬರ್ ಸಂಪರ್ಕ ಬಂದು ನಿಂತಿರುವುದು ಚಾವಡಿಯ ಮೂಲೆಯಲ್ಲಿ. ನಾನು ಕುಳಿತು ಕೆಲಸ ಮಾಡುವುದು ಅಂಗಳದ ಆಚೆ, ಅಡಿಕೆ ದಾಸ್ತಾನಿಡುವ ಕಟ್ಟಡದ ಮಹಡಿಯಲ್ಲಿ. ನಡುವೆ ಎರಡು ಗೋಡೆ, ಅಂಗಳಕ್ಕೆ ಹಾಕಿದ ತಗಡಿನ ಮಾಡು. ರೂಟರ್ ಎರಡು ಬಗೆಯ ರೇಡಿಯೊ ಸಿಗ್ನಲ್ ಬಿಡುತ್ತದೆ. 5 ಗಿಗಾಹರ್ಟ್ಸ್‌ನ ಸಿಗ್ನಲ್ ಮೊದಲ ಗೋಡೆಗೇ ಸೋತುಹೋಗುತ್ತದೆ. 2.4 ಗಿಗಾಹರ್ಟ್ಸ್‌ನದು ಹೇಗೋ ತೆವಳಿಕೊಂಡು ಬರುತ್ತದೆ. ತಿಂಗಳು ತಿಂಗಳು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗಕ್ಕೆ ದುಡ್ಡು ಕಟ್ಟಿ, ಮಹಡಿಯಲ್ಲಿ ಸಿಗುತ್ತಿದ್ದದ್ದು ಮೂರೋ ನಾಲ್ಕೋ. ಕಚೇರಿಯ ಮೀಟಿಂಗ್‌ನಲ್ಲಿ ನನ್ನ ಮುಖ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಿತ್ತು.

ಪೇಟೆಯ ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯ ಡಿಪ್ಲೊಮಾ ಹುಡುಗನವರೆಗೆ ಎಲ್ಲರದೂ ಒಂದೇ ಸಲಹೆ: "ಒಂದು ಬೂಸ್ಟರ್ ಹಾಕಿಬಿಡಿ ಅಣ್ಣ." ಈ ಬೂಸ್ಟರ್ ಎಂಬ ಹೆಸರಿಟ್ಟವರು ಯಾರೋ, ವ್ಯಾಪಾರ ಚೆನ್ನಾಗಿ ಬಲ್ಲವರು. ಅದು ಏನನ್ನೂ ಹೆಚ್ಚಿಸುವುದಿಲ್ಲ. ರೂಟರ್ ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ಮತ್ತೊಮ್ಮೆ ಹೇಳುತ್ತದೆ. ಅಗ್ಗದವುಗಳಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಇರುವುದು ಒಂದೇ ರೇಡಿಯೊ. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಹೀಗಾಗಿ ವೇಗ ಅಲ್ಲಿಗೇ ಅರ್ಧ. ಇನ್ನು ಅದನ್ನು ಇಡುವುದೆಲ್ಲಿ? ಸಿಗ್ನಲ್ ಸಾಯುವಲ್ಲಿ ಇಟ್ಟರೆ ಸತ್ತದ್ದನ್ನೇ ಮುಂದೆ ಕಳಿಸುತ್ತದೆ. ಸಿಗ್ನಲ್ ಗಟ್ಟಿಯಾಗಿರುವಲ್ಲಿ ಇಟ್ಟರೆ ಗೋಡೆಯ ಈಚೆಯೇ ಉಳಿಯುತ್ತದೆ. ಒಂದೆರಡು ಇಟ್ಟಿಗೆ ಗೋಡೆಯ ಫ್ಲ್ಯಾಟ್‌ಗೆ ಸಾಕಾದೀತು, ನಮ್ಮ ಮನೆಗಲ್ಲ. ಕಲ್ಲಿನ ಗೋಡೆಯನ್ನು ದಾಟಲು ನಂಬಬಹುದಾದದ್ದು ತಂತಿಯನ್ನು ಮಾತ್ರ.

ಅಟ್ಟದ ಮೇಲೆ ಹಳೆಯ ರೂಟರ್ ಒಂದಿತ್ತು. ದೂರವಾಣಿಯ ತಾಮ್ರದ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲದ್ದು. ಆ ಸಂಪರ್ಕ ಹೋದ ಮೇಲೆ ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಅವರು ಏನನ್ನೂ ಎಸೆಯುವವರಲ್ಲ. ಎರಡು ಕೊಂಬುಗಳ ಪೆಟ್ಟಿಗೆ, 2.4 ಗಿಗಾಹರ್ಟ್ಸ್ ಮಾತ್ರ. ಮೋಡೆಮ್‌ನ ಕೆಲಸಕ್ಕೆ, ಅಂದರೆ ಹೊರಗಿನ ಸಂಪರ್ಕವನ್ನು ಮನೆಗೆ ತರುವುದಕ್ಕೆ, ಈಗ ಬಾರದು. ಆದರೆ ಅದರೊಳಗಿನ ವೈಫೈಗೆ ಏನೂ ಆಗಿಲ್ಲ, ನನಗೆ ಬೇಕಾದದ್ದೂ ಅಷ್ಟೇ. ಚಾವಡಿಯಿಂದ ತಂತಿ ಎಳೆದು ಇದನ್ನು ಮಹಡಿಯಲ್ಲಿಟ್ಟರೆ ವೈಫೈ ಅಲ್ಲೇ ಹುಟ್ಟುತ್ತದೆ.

ಇವತ್ತೇ ಮುಗಿಸಬೇಕೆಂಬ ಹಟಕ್ಕೆ ಕಾರಣ ವಿಶ್ವಕಪ್ ಫೈನಲ್. ದೀಪಾವಳಿಗೆ ಬಂದ ಅಕ್ಕನ ಮಕ್ಕಳು ಇನ್ನೂ ಇಲ್ಲೇ ಇದ್ದಾರೆ. ಮಹಡಿಯ ಬಿಳಿ ಗೋಡೆಗೆ ಪ್ರೊಜೆಕ್ಟರ್ ಹಾಕಿ ಆಟ ನೋಡಬೇಕೆಂದು ನಿನ್ನೆಯಿಂದಲೇ ನನ್ನ ಬೆನ್ನು ಹತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಶುರು.

ತಂತಿ ನಿನ್ನೆಯೇ ತಂದಿದ್ದೆ. ಅಂಗಡಿಯಲ್ಲಿ ಎರಡು ಸುರುಳಿ ತೋರಿಸಿದರು, ಒಂದರ ಬೆಲೆ ಇನ್ನೊಂದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಗ್ಗದ್ದರ ತುದಿಯನ್ನು ಚಾಕುವಿನಿಂದ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಬಗ್ಗಿಸಿದರೆ ಲಟಕ್ಕನೆ ಮುರಿಯುವ ಜಾತಿ. ಶುದ್ಧ ತಾಮ್ರದ ಕ್ಯಾಟ್ 6 ಎಂಬ ಈಥರ್ನೆಟ್ (ನೆಟ್‌ವರ್ಕ್) ತಂತಿ ತೆಗೆದುಕೊಂಡೆ. ಈಥರ್ನೆಟ್ ತಂತಿಗೆ 100 ಮೀಟರ್‌ವರೆಗೆ ಅವಕಾಶವಿದೆ, ನಮ್ಮ ಅಂಗಳಕ್ಕೆ ಅದರ ಅರ್ಧವೂ ಬೇಡ. ಇಲಿಗಳಿಗೆ ಹೆದರಿ, ತೋಟದ ಹನಿ ನೀರಾವರಿಗೆ ತಂದು ಉಳಿದಿದ್ದ ಕಪ್ಪು ಪೈಪ್‌ನೊಳಗೆ ತಂತಿಯನ್ನು ಎಳೆದು, ಅಂಗಳದ ಅಂಚಿನಲ್ಲಿ ಹೂತೆವು. ಮಕ್ಕಳು ಗುದ್ದಲಿ ಹಿಡಿದದ್ದು ಕ್ರಿಕೆಟ್‌ನ ಆಸೆಗೆ. ಅಡಿಕೆ ಗುಂಡಿ ತೆಗೆಯಲು ಕರೆದಿದ್ದರೆ ಒಬ್ಬನೂ ಬರುತ್ತಿರಲಿಲ್ಲ.

ತುದಿಗೆ ಪ್ಲಗ್ ಕೂರಿಸುವುದು ನನಗೆ ಇಷ್ಟದ ಕೆಲಸ. ಎಂಟು ಎಳೆ, ನಾಲ್ಕು ಜೋಡಿ. ಹೊರಕವಚ ಸುಲಿದು, ಹೊಸೆದದ್ದನ್ನು ಬಿಚ್ಚಿ, ಬೆರಳಿನ ನಡುವೆ ಒತ್ತಿ ನೇರ ಮಾಡಿ ಸಾಲಾಗಿ ಹಿಡಿಯಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಬಂದು ಕೂರುವುದು ವಿಚಿತ್ರವಾಗಿ ಕಾಣುತ್ತದೆ. ಅಂದಕ್ಕೆಂದು ಜೋಡಿಗಳನ್ನು ಪಕ್ಕಪಕ್ಕ ಕೂರಿಸಿದರೆ ರೂಟರ್‌ನ ದೀಪವೇನೋ ಉರಿಯಬಹುದು, ಆದರೆ ತಂತಿ ಉದ್ದವಾದಂತೆ ಎಳೆಗಳ ನಡುವೆ ಗದ್ದಲ ಹೆಚ್ಚಿ ವೇಗ ಬೀಳುತ್ತದೆ. ಕ್ರಿಂಪಿಂಗ್ ಇಕ್ಕಳ ಒತ್ತಿದಾಗ ಬರುವ ಕಟಕ್ ಸದ್ದಿನಲ್ಲೇ ಪ್ಲಗ್ ಸರಿಯಾಗಿ ಕೂತಿತೋ ಇಲ್ಲವೋ ತಿಳಿಯುತ್ತದೆ.

ಇನ್ನು ಹಳೆಯ ರೂಟರ್‌ನ ಸೊಕ್ಕು ಇಳಿಸಬೇಕು. ಅದು ಈಗಲೂ ತಾನೇ ಮನೆಯ ಯಜಮಾನ ಎಂದುಕೊಂಡಿರುತ್ತದೆ. ಹಿಂಬದಿಯ ತೂತಿನಲ್ಲಿ ಪಿನ್ ಒತ್ತಿ ಹಿಡಿದು ಹಳೆಯದೆಲ್ಲ ಅಳಿಸಿದೆ. ಲ್ಯಾಪ್‌ಟಾಪ್‌ಗೆ ಜೋಡಿಸಿ ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸವಾದ 192.168.1.1ಕ್ಕೆ ಹೋದೆ. ಚಾವಡಿಯ ರೂಟರ್‌ನ ವಿಳಾಸವೂ ಅದೇ. ಹಾಗಾಗಿ ಮೊದಲು ಇದನ್ನು 192.168.1.2 ಮಾಡಿದೆ. ಅನಂತರ ಡಿಎಚ್‌ಸಿಪಿ ಬಂದ್ ಮಾಡಿದೆ. ಬಹಳ ಜನ ಎಡವುವುದು ಇಲ್ಲೇ. ಮನೆಯ ಒಂದೊಂದು ಫೋನ್‌ಗೂ ವಿಳಾಸ ಹಂಚುವ ಕೆಲಸ ಅದರದು. ಎರಡು ರೂಟರ್‌ಗಳೂ ಹಂಚಲು ನಿಂತರೆ, ಒಂದೇ ಸರ್ವೆ ನಂಬರಿಗೆ ಇಬ್ಬರು ಶಾನುಭೋಗರು ಪಹಣಿ ಬರೆದ ಹಾಗೆ. ಇವತ್ತು ಸರಿ ಇದ್ದದ್ದು ನಾಳೆ ಕೈಕೊಡುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ಡಿಎಚ್‌ಸಿಪಿ ತೆಗೆದ ಮೇಲೆ, ಚಾವಡಿಯ ರೂಟರ್‌ಗೆ ಜೋಡಿಸುವ ಮೊದಲು ಮತ್ತೆ ಇದರ ಒಳಹೊಕ್ಕು ನೋಡಬೇಕಾದರೆ, ಲ್ಯಾಪ್‌ಟಾಪ್‌ಗೆ ನಾವೇ ಕೈಯಾರೆ ವಿಳಾಸ ಬರೆದುಕೊಡಬೇಕು.

ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟೆ. ಚಾನೆಲ್ (ಸಿಗ್ನಲ್ ಓಡಾಡುವ ದಾರಿ) ಮಾತ್ರ ಬೇರೆ: ಚಾವಡಿಗೆ 1, ಮಹಡಿಗೆ 11. 2.4ರಲ್ಲಿ ಒಂದರ ಮೇಲೊಂದು ಬೀಳದಿರುವವು 1, 6, 11 ಮಾತ್ರ. ನಡುವಿನ ಯಾವುದನ್ನು ಆರಿಸಿದರೂ ಪಕ್ಕದವರ ಮಾತಿಗೆ ಬಾಯಿ ಹಾಕಿದಂತಾಗುತ್ತದೆ. ಕೊನೆಗೆ ಅಂಗಳ ದಾಟಿ ಬಂದ ತಂತಿಯನ್ನು ಲ್ಯಾನ್ ತೂತಿಗೆ, ಅಂದರೆ ಮನೆಯೊಳಗಿನ ಸಾಧನಗಳಿಗೆ ಇರುವ ತೂತಿಗೆ ಸಿಕ್ಕಿಸಿದೆ. ಹೊಸ ರೂಟರ್‌ಗಳಲ್ಲಿ ಹೊರಗಿನ ಇಂಟರ್ನೆಟ್ ಸಂಪರ್ಕಕ್ಕೆಂದು ಬೇರೆ ಬಣ್ಣದ ವ್ಯಾನ್ ತೂತು ಒಂದಿರುತ್ತದೆ. ತಂತಿಯನ್ನು ಅದಕ್ಕೆ ಹಾಕಿದರೆ ರೂಟರ್ ತನ್ನದೇ ಬೇರೆ ಸಂಸಾರ ಹೂಡುತ್ತದೆ. ಆಗಲೂ ಇಂಟರ್ನೆಟ್ ಸಿಗಬಹುದು, ಆದರೆ ಚಾವಡಿಯ ಪ್ರಿಂಟರ್ ಮಹಡಿಗೆ ಕಾಣುವುದಿಲ್ಲ.

ತಂತಿಯಲ್ಲಿ ನೇರವಾಗಿ ವೇಗ ಅಳೆದಾಗ 94 ಎಂಬಿಪಿಎಸ್. ಹಳೆಯ ರೂಟರ್‌ನ ತೂತುಗಳು 100 ಎಂಬಿಪಿಎಸ್‌ನವು, ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ವೈಫೈನಲ್ಲಿ 40ರ ಆಸುಪಾಸು. ಟಾಸ್ ಹೊತ್ತಿಗೆ ಮಹಡಿಯ ಗೋಡೆಯ ಮೇಲೆ ಅಹಮದಾಬಾದ್ ಮೂಡಿತ್ತು.

ಒಂದು ಕಿರಿಕಿರಿ ಉಳಿದಿದೆ. ಚಾವಡಿಯಿಂದ ಫೋನ್ ಹಿಡಿದು ಮಹಡಿಗೆ ಬಂದರೆ ಅದು ಕೆಳಗಿನ ಸಿಗ್ನಲನ್ನೇ ಕಚ್ಚಿ ಹಿಡಿದಿರುತ್ತದೆ. ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಫೋನ್, ರೂಟರ್ ಅಲ್ಲ. ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈಫೈಯಾಗಿ ಕೆಲಸ ಮಾಡುವ ಮೆಶ್ ವ್ಯವಸ್ಥೆ ಕೊಂಡರೆ ಈ ಬದಲಾವಣೆ ನಯವಾಗಿ ಆಗುತ್ತದೆ, ನಿಜ. ಸದ್ಯಕ್ಕೆ ಮೆಟ್ಟಿಲ ಮೇಲೆ ಫೋನ್‌ನ ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡುವಷ್ಟು ಪುರುಸೊತ್ತು ನಮಗಿದೆ.

ಆಟದುದ್ದಕ್ಕೂ ನೆಟ್ ಒಮ್ಮೆಯೂ ಕಡಿಯಲಿಲ್ಲ. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ರಾಹುಲ್ 107 ಎಸೆತ ಆಡಿ 66 ಗಳಿಸಿದ್ದೂ, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಬಾರಿಸಿ ಕಪ್ ಎತ್ತಿಕೊಂಡು ಹೋದದ್ದೂ ಕೂದಲೆಳೆಯೂ ಕಾಣುವಷ್ಟು ಸ್ಪಷ್ಟವಾಗಿ ಕಂಡಿತು. "ಮಾವ, ಇವತ್ತೊಂದು ದಿನ ಹಳೆಯ ನೆಟ್ಟೇ ಇರಬಾರದಿತ್ತೇ?" ಎಂದ ಚಿಕ್ಕವನು.

ಅಪ್ಪನ ಚಿಂತೆ ಬೇರೆ, ಅದು ಸರಿಯೂ ಹೌದು: ಸಿಡಿಲು. ಫೈಬರ್ ಗಾಜಿನದು, ಅದರೊಳಗೆ ವಿದ್ಯುತ್ ಹರಿಯದು. ಆದರೆ ಎರಡು ಕಟ್ಟಡಗಳ ನಡುವೆ ನಾನೀಗ ಎಳೆದಿರುವುದು ತಾಮ್ರ. ಮೋಡ ಕಟ್ಟಿದರೆ, ಗುಡುಗು ಶುರುವಾಗುವ ಮೊದಲೇ ಎರಡೂ ತುದಿಯ ಪ್ಲಗ್ ಕೀಳಬೇಕೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಏಪ್ರಿಲ್ ಮಳೆ ಶುರುವಾಗುವ ಮೊದಲು ತಾಮ್ರದ ಸಂಕೇತವನ್ನು ಬೆಳಕಿಗೆ, ಬೆಳಕನ್ನು ಮತ್ತೆ ತಾಮ್ರಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್ ಒಂದು ಜೊತೆ ತಂದು ತಾಮ್ರದ ಬದಲು ಫೈಬರ್ ಹಾಕಬೇಕು. ಪೈಪ್ ಹೇಗೂ ನೆಲದಲ್ಲಿ ಇದೆ.