ಬಾಳೆಹೊನ್ನೂರಲ್ಲಿ ಒಂದಿನ ಉಳ್ಕೊಳ್ಳಿ

ಶೃಂಗೇರಿ ಹೊರನಾಡು ಅಂತ ಹೊರಟವ್ರು ನಮ್ಮ ಬಾಳೆಹೊನ್ನೂರಲ್ಲಿ ಗಾಡಿ ನಿಲ್ಸಿದ್ರೆ ಹತ್ತು ನಿಮಿಷ ಅಷ್ಟೇ, ಭದ್ರಾ ಸೇತುವೆ ಹತ್ರ ಒಂದು ಫೋಟೋ, ಮುಂದಕ್ಕೆ ಹೊರಟೇಬಿಟ್ರು. ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ಬಾಬಾ ಬುಡನ್ ಯೆಮೆನ್‌ನಿಂದ 7 ಕಾಫಿ ಬೀಜ ತಂದ್ರು ಅನ್ನೋ ಕಥೆ ಎಲ್ರಿಗೂ ಗೊತ್ತು, ಚಿಕ್ಕಮಗಳೂರಿಗೆ ಬಂದವ್ರೆಲ್ಲ ಗಿರಿ ಹತ್ತಿ ಅದನ್ನ ಕೇಳ್ಕೊಂಡೇ ಬರ್ತಾರೆ. ಆದ್ರೆ ಆ ಗಿಡ ಇವತ್ತಿನವರೆಗೆ ಉಳ್ದಿದ್ದು ಹೇಗೆ ಅನ್ನೋ ಕಥೆ ಇದ್ಯಲ್ಲ, ಅದ್ರಲ್ಲಿ ದೊಡ್ಡ ಪಾಲು ನಮ್ಮೂರಿಂದು.

ಚಿಕ್ಕೋನಿದ್ದಾಗ ಮಳೆಗಾಲ ಮುಗೀತಾ ಬಂದಾಗ ಅಜ್ಜ ತೋಟದಲ್ಲಿ ಒಂದೊಂದೇ ಕಾಫಿ ಎಲೆ ತಿರುಗ್ಸಿ ನೋಡೋರು. ಎಲೆ ಅಡಿಗೆ ಹಳದಿ-ಕಿತ್ತಳೆ ಬಣ್ಣದ ಚುಕ್ಕೆ, ಹೆಬ್ಬೆರಳಲ್ಲಿ ಉಜ್ಜಿದ್ರೆ ಅರಿಶಿನದ ಹಾಗೆ ಪುಡಿ ಅಂಟ್ಕೊಳ್ಳೋದು. ಅಜ್ಜ ಏನೂ ಮಾತಾಡ್ದೆ ಬೆರಳನ್ನ ಪಂಚೆಗೆ ಒರೆಸ್ಕೊಳ್ಳೋರು, ಅವತ್ತು ರಾತ್ರಿ ಊಟದಲ್ಲೂ ಮಾತಿರ್ತಿರಲಿಲ್ಲ. ಅದೇ ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸ್ಕೊಂಡು ಅಲ್ಲಿನ ಕಾಫಿ ತೋಟಗಳನ್ನೇ ಮುಗಿಸ್ಬಿಡ್ತು, ಅವ್ರು ಟೀ ಕಡೆ ತಿರುಗಿದ್ರು. ನಮ್ಮ ಕಡೆಗೂ ಬಂತು.

ಆಮೇಲೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅಂತ ಇದ್ರು, ಕೆನಡಾದವ್ರು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಅನ್ನೋ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯೋದನ್ನ ಮಲೆನಾಡಿಗೆ ಕಲಿಸಿದವರೂ ಅವರೇ. ಕಾಫಿಗೂ ಒಂದು ಪ್ರಯೋಗ ಕೇಂದ್ರ ಬೇಕು ಅಂತಾಗಿ ಮೊದ್ಲು 1915ರಲ್ಲಿ ಕೊಪ್ಪದಲ್ಲಿ ಸಣ್ಣದಾಗಿ ಶುರುವಾಗಿ, 1925ರಲ್ಲಿ ಬಾಳೆಹೊನ್ನೂರಲ್ಲಿ ಸರಿಯಾಗಿ ನೆಲೆ ನಿಂತ್ಕೊಂಡ್ತು. ಅದೇ ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಊರವ್ರ ಬಾಯಲ್ಲಿ ಬರೀ 'ರಿಸರ್ಚ್ ಸ್ಟೇಷನ್'. ಇಲ್ಲಿಂದ 1940ರ ದಶಕದಲ್ಲಿ ಹೊರಗೆ ಬಂದ ತಳಿ ಎಸ್.795. ಅರೇಬಿಕಾ, ಲೈಬೀರಿಕಾ ಅನ್ನೋ ಎರಡು ಕಾಫಿ ಜಾತಿಗಳ ಮಿಶ್ರಣದಿಂದ ಬಂದ ಎಸ್.288 ತಳಿಗೆ, ಮೈಸೂರು ಸೀಮೆಯಲ್ಲೇ ಕೆಂಟ್ ಅನ್ನೋ ಪ್ಲಾಂಟರ್ ಆರಿಸಿದ ಕೆಂಟ್ಸ್ ತಳಿ ಸೇರ್ಸಿ ಮಾಡಿದ್ದು. ಆಗ ತುಕ್ಕು ತಡ್ಕೊಳ್ತು, ಕುಡಿಯೋಕೆ ರುಚಿಯೂ ಒಳ್ಳೇದು. ಆಮೇಲೆ ತುಕ್ಕಿನ ಹೊಸ ಹೊಸ ಜಾತಿ ಬಂದು ಅದಕ್ಕೂ ಹಿಡೀತು ಅನ್ನೋದು ಬೇರೆ ಮಾತು, 2007ರಲ್ಲಿ ಇಲ್ಲಿಂದ್ಲೇ ಚಂದ್ರಗಿರಿ ಅನ್ನೋ ಹೊಸ ತಳಿ ಬಂತು, ಆದ್ರೂ ನಮ್ಮಪ್ಪಯ್ಯನಿಗೆ ಇವತ್ತಿಗೂ ಅರೇಬಿಕಾ ಅಂದ್ರೆ ಸೆವೆನ್ ನೈಂಟಿ ಫೈವೇ. ಕಾಂಡ ಕೊರೆಯೋ ಬೋರರ್ ಹುಳದ ಕಾಟಕ್ಕೆ ಸುತ್ತಮುತ್ತ ಎಷ್ಟೋ ಜನ ಅರೇಬಿಕಾ ಕಿತ್ತು ರೋಬಸ್ಟಾ ಅನ್ನೋ ಇನ್ನೊಂದು ಜಾತಿ ಕಾಫಿ ಹಾಕಿದ್ರು, ನಮ್ಮಲ್ಲೂ ಅರ್ಧ ತೋಟ ಹಾಗೇ ಆಯ್ತು, ಕಣದ ಪಕ್ಕದ ನಾಕು ಸಾಲು ಮಾತ್ರ ಅಪ್ಪಯ್ಯ ಮುಟ್ಟೋಕೆ ಬಿಟ್ಟಿಲ್ಲ. ಅಜ್ಜ ನೆಟ್ಟಿದ್ದು.

ನೋಡೋಕೆ ಏನಿದೆ ಅಂತ ಕೇಳಿದ್ರೆ, ರಂಭಾಪುರಿ ಪೀಠ ಇದೆ, ವೀರಶೈವರ ಪಂಚಪೀಠಗಳಲ್ಲಿ ಒಂದು. ಭದ್ರೆ ದಡದಲ್ಲೇ ಖಾಂಡ್ಯದ ಮಾರ್ಕಂಡೇಶ್ವರ ದೇವಸ್ಥಾನ, ಬೆಳಿಗ್ಗೆ ಬೇಗ ಹೋಗಿ, ನೀರಿನ ಮೇಲೆ ಮಂಜು ಕೂತಿರುತ್ತೆ, ಯಾರೂ ಇರಲ್ಲ. ರಿಸರ್ಚ್ ಸ್ಟೇಷನ್ ನೋಡ್ಬೇಕಂದ್ರೆ ಮೊದ್ಲೇ ಕೇಳ್ಕೊಂಡು ಹೋಗಿ, ಸುಮ್ನೆ ಗೇಟ್ ಹತ್ರ ನಿಂತ್ಕೋಬೇಡಿ. ಡಿಸೆಂಬರ್ ಜನವರಿಲಿ ಬಂದ್ರೆ ಕುಯ್ಲು ನಡೀತಿರುತ್ತೆ, ಸಿಪ್ಪೆ ಸುಲಿಯೋ ಪಲ್ಪರ್ ಮೆಷಿನ್ ಸದ್ದು, ಕಣದ ತುಂಬ ಸಿಪ್ಪೆ ತೆಗೆದ ಬೀಜ ಅಂದ್ರೆ ಪಾರ್ಚ್‌ಮೆಂಟು, ಊರಿಡೀ ಹಣ್ಣಿನ ಸಿಪ್ಪೆಯ ಹುಳಿ ವಾಸನೆ.

ಆದ್ರೆ ನನ್ನ ಕೇಳಿದ್ರೆ ಹೂವಿನ ಟೈಮಿಗೆ ಬನ್ನಿ. ಅದಕ್ಕೆ ಡೇಟ್ ಇಲ್ಲ, ಫೆಬ್ರವರಿ ಮಾರ್ಚಲ್ಲಿ ಯಾವತ್ತೋ ಒಂದು ಸಂಜೆ ಹೂಮಳೆ ಬರ್ಬೇಕು, ಬಂದು ಎಂಟು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತೆ, ಮಲ್ಲಿಗೆ ಥರ ಪರಿಮಳ, ಜೇನಿನ ಗುಂಯ್ ಅನ್ನೋ ಸದ್ದು ರಸ್ತೆವರೆಗೂ ಕೇಳ್ಸುತ್ತೆ, ಎರಡ್ಮೂರು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಈ ಸಲ ಮಳೆ ಬಿದ್ದ ರಾತ್ರಿ ಅಪ್ಪಯ್ಯ ನಂಗೆ ಫೋನ್ ಮಾಡಿ ಹಲೋ ಕೂಡ ಅನ್ಲಿಲ್ಲ. 'ಒಂದಿಂಚು ಬಂತು ಮಗಾ, ಮುಂದಿನ ವಾರ ರಜಾ ಹಾಕು' ಅಂದ್ರು, ಹಿಂದೆ ಹೆಂಚಿನ ಮೇಲೆ ಮಳೆ ಇನ್ನೂ ಸುರೀತಾ ಇತ್ತು.